ಒಂದು ಚಾನೆಲ್, ಒಂದು ತಂತಿ

ದೊಡ್ಡಮ್ಮ: ಇದನ್ನ ನನ್ನ ವೀಣೆ ಅಂತ ಯಾರ ಮುಂದೆಯೂ ಹೇಳಬೇಡ ಮಾರಾಯ.

ಹುಡುಗ: ನಾದ ನಿಮ್ಮದೇ ದೊಡ್ಡಮ್ಮ. ಮೆಟ್ಟು ಒತ್ತದೆ ಸಾರಣಿ ತಂತಿಯನ್ನ ಒಂದು ಸಲ ಮೀಟಿ ಕೊಟ್ಟಿದ್ದಿರಲ್ಲ, ಅದೇ ರೆಕಾರ್ಡಿಂಗ್. ನುಡಿಸಿದ್ದು ಮಾತ್ರ ನಾನು, ಅದೂ ಕೀಬೋರ್ಡಿನ ಮೇಲೆ. ಆ ಮಿಡಿ ಫೈಲನ್ನ ಟ್ರ್ಯಾಕರ್ ಮಾಡ್ಯೂಲಿಗೆ ಬದಲಾಯಿಸಿ, ಒಳಗೆ ನಿಮ್ಮ ವೀಣೆಯ ಸ್ಯಾಂಪಲ್ ಕೂರಿಸಿದ್ದೇನೆ.

ದೊಡ್ಡಮ್ಮ: ಒಂದೇ ಒಂದು ಮೀಟು ಇಸಕೊಂಡು ಹೋಗಿ ತೋಡಿ ರಾಗ ಕಟ್ಟೋದಕ್ಕೆ ಹೊರಟಿದೀಯ. ಧೈರ್ಯ ಮೆಚ್ಚಬೇಕು. ಮಿಡಿ ಅಂದರೇನು, ಮಾಡ್ಯೂಲ್ ಅಂದರೇನು, ಮೊದಲು ಬಿಡಿಸಿ ಹೇಳು. ಆಮೇಲೆ ಬೈತೀನಿ.

ಹುಡುಗ: ಮಿಡಿ 1983ರದ್ದು. ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ಸಿಂಥಸೈಜರ್ ನುಡಿಸೋ ಹಾಗಿರಲಿ ಅಂತ ತಯಾರಕರು ಮಾಡಿಕೊಂಡ ಒಪ್ಪಂದ. ಅದರ ಫೈಲಿನಲ್ಲಿ ನಾದವೇ ಇರೋದಿಲ್ಲ. ಇಂಥ ಹೊತ್ತಿಗೆ 51ನೇ ಕೀಲಿ ಒತ್ತು, ಇಷ್ಟು ಜೋರಾಗಿ ಒತ್ತು, ಇಂಥ ಹೊತ್ತಿಗೆ ಬಿಡು. ಇಷ್ಟೇ ಸಮಾಚಾರ. ಕೇಳಿಸೋ ದನಿ ನುಡಿಸೋ ಯಂತ್ರದ್ದು. ಹಳೇ ಮೊಬೈಲುಗಳಲ್ಲಿ ಒಂದೇ ರಿಂಗ್‌ಟೋನ್ ಒಂದೊಂದು ಹ್ಯಾಂಡ್‌ಸೆಟ್ಟಿನಲ್ಲಿ ಒಂದೊಂದು ಥರ ಕೇಳುತ್ತಿದ್ದದ್ದು ಅದಕ್ಕೇ. ಆಮೇಲೆ 1991ರಲ್ಲಿ ಜನರಲ್ ಮಿಡಿ ಅಂತ 128 ವಾದ್ಯಗಳ ಒಂದು ಪಟ್ಟಿ ಮಾಡಿದರು. 1 ಅಂದರೆ ಪಿಯಾನೋ, 41 ಅಂದರೆ ಪಿಟೀಲು, ಹೀಗೆ.

ದೊಡ್ಡಮ್ಮ: ವೀಣೆ ಎಷ್ಟನೇದು?

ಹುಡುಗ: ಇಲ್ಲ. ಸಿತಾರ್ 105, ಶಹನಾಯಿ 112. ಹಕ್ಕಿ ಕೂಗಿಗೆ 124, ಹೆಲಿಕಾಪ್ಟರಿಗೆ 126. ವೀಣೆಗೂ ಮೃದಂಗಕ್ಕೂ ನಂಬರ್ ಇಲ್ಲ.

ದೊಡ್ಡಮ್ಮ: ಹೆಲಿಕಾಪ್ಟರಿಗೆ ಇದೆಯಂತೆ! ಸರಿ, ಮುಂದೆ ಹೇಳು.

ಹುಡುಗ: ಮಾಡ್ಯೂಲಿನ ಹುಟ್ಟು ಬೇರೆ ಕಡೆ. ಅಮಿಗಾ ಅಂತ ಒಂದು ಕಂಪ್ಯೂಟರ್ ಇತ್ತು. ಅದರ ಪೌಲಾ ಅನ್ನೋ ಚಿಪ್ಪು ರೆಕಾರ್ಡ್ ಆದ 8-ಬಿಟ್ ನಾದವನ್ನ ಒಟ್ಟಿಗೆ ನಾಲ್ಕು ಚಾನೆಲ್‌ಗಳಲ್ಲಿ ನುಡಿಸುತ್ತಿತ್ತು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅದಕ್ಕೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ತೆರೆಯ ಮೇಲೆ ಒಂದು ಕೋಷ್ಟಕ. ಒಂದೊಂದು ಚಾನೆಲ್ ಒಂದೊಂದು ಕಂಬಸಾಲು, ಸಾಲುಗಳು ಮೇಲಿಂದ ಕೆಳಕ್ಕೆ ಓಡುತ್ತವೆ. ಒಂದೊಂದು ಮನೆಯಲ್ಲಿ ಸ್ವರ, ವಾದ್ಯದ ನಂಬರ್, ಒಂದು ಎಫೆಕ್ಟ್. ಮುಖ್ಯವಾದದ್ದು ಇದು: ಕೋಷ್ಟಕವೂ ನಾದದ ತುಣುಕುಗಳೂ ಒಂದೇ ಫೈಲಿನೊಳಗೆ ಇರುತ್ತವೆ. ಯಾವ ಯಂತ್ರದಲ್ಲಿ ಹಾಕಿದರೂ ಅದೇ ದನಿ. ನಾನು ಬಳಸುತ್ತಿರೋ ಎಕ್ಸ್‌ಎಂ ಮಾದರಿ 1994ರದ್ದು, ಸ್ವೀಡನ್ನಿನ ಟ್ರೈಟನ್ ತಂಡದ ಫಾಸ್ಟ್‌ಟ್ರ್ಯಾಕರ್ 2ರಿಂದ ಬಂದದ್ದು. 32 ಚಾನೆಲ್, ಒಂದು ವಾದ್ಯಕ್ಕೆ 16 ಸ್ಯಾಂಪಲ್ ತನಕ.

ದೊಡ್ಡಮ್ಮ: ಇಷ್ಟೆಲ್ಲ ಒದ್ದಾಟ ಯಾಕೆ? ನಾನೇ ಕೂತು ಮೂರು ನಿಮಿಷ ನುಡಿಸ್ತೀನಿ. ಹಾಗೇ ರೆಕಾರ್ಡ್ ಮಾಡಿ ನಿನ್ನ ಆಟಕ್ಕೆ ಹಾಕಿಕೋ.

ಹುಡುಗ: ಆಟ ಓಡೋದು ಗೇಮ್ ಬಾಯ್ ಅಡ್ವಾನ್ಸ್ ಮೇಲೆ, 2001ರ ಯಂತ್ರ. ಪ್ರಾಸೆಸರ್ 16.78 ಮೆಗಾಹರ್ಟ್ಸ್. ಎಂಪಿ3 ಬಿಡಿಸುತ್ತಾ ಆಟವನ್ನೂ ಓಡಿಸು ಅಂದರೆ ಅದು ಕೈಚೆಲ್ಲುತ್ತದೆ. ಕುಗ್ಗಿಸದೆ 16 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ ಮೂರು ನಿಮಿಷಕ್ಕೆ ಸುಮಾರು 3 ಎಂಬಿ. ಜಾಗವನ್ನ ಹೇಗೋ ಹೊಂದಿಸಬಹುದು. ಆದರೆ ಆಟದೊಳಗಿನ ಹುಡುಗ ಗುಹೆಯೊಳಗೆ ಸುಮ್ಮನೆ ನಿಂತಿದ್ದರೆ ಮೃದಂಗ ನಿಲ್ಲಬೇಕು, ಬಾವಲಿ ಅಟ್ಟಿಸಿಕೊಂಡು ಬಂದರೆ ಎರಡನೇ ಕಾಲಕ್ಕೆ ಹಾರಬೇಕು. ಮಾಡ್ಯೂಲಿನಲ್ಲಿ ಒಂದು ಚಾನೆಲ್ ಮುಚ್ಚಿದರಾಯಿತು, ಬೇರೆ ಪ್ಯಾಟರ್ನಿಗೆ ಜಿಗಿದರಾಯಿತು. ರೆಕಾರ್ಡಿಂಗನ್ನ ಹಾಗೆ ಮಾಡೋದಕ್ಕೆ ಆಗೋದಿಲ್ಲ. ಮ್ಯಾಕ್ಸ್‌ಮಾಡ್ ಅನ್ನೋ ಲೈಬ್ರರಿ ಈ ಫೈಲುಗಳನ್ನ ಆ ಯಂತ್ರದ ಮೇಲೆ ನುಡಿಸುತ್ತದೆ. 1998ರ ಅನ್‌ರಿಯಲ್ ಆಟದಲ್ಲೂ ಇದೇ ಜಾತಿಯ ಮಾಡ್ಯೂಲ್ ಸಂಗೀತ ಇತ್ತು.

ದೊಡ್ಡಮ್ಮ: ಗುಹೆಗೆ ತೋಡಿ. ಸರಿ, ನಿನ್ನ ಇಷ್ಟ. ಬದಲಾಯಿಸೋ ಕೆಲಸ ಯಾರು ಮಾಡಿದರು, ನೀನಾ ಯಂತ್ರವಾ?

ಹುಡುಗ: ಓಪನ್ ಎಂಪಿಟಿ ಅಂತ ಒಂದು ಟ್ರ್ಯಾಕರ್ ಇದೆ, ಮಿಡಿ ಫೈಲನ್ನ ನೇರವಾಗಿ ತೆರೆಯುತ್ತದೆ. ಕಣ್ಣು ಮಿಟುಕಿಸೋದರೊಳಗೆ ಕೋಷ್ಟಕ ತುಂಬಿಹೋಯಿತು. ಅಲ್ಲಿಂದ ಎಕ್ಸ್‌ಎಂ ಮಾಡಿ ಉಳಿಸಿದೆ. ಲೆಕ್ಕವೂ ಹೊಂದಿತು. ನನ್ನ ಮಿಡಿಯಲ್ಲಿ ಒಂದು ಅಕ್ಷರಕಾಲಕ್ಕೆ 480 ಟಿಕ್. ಟ್ರ್ಯಾಕರಿನಲ್ಲಿ ಅಕ್ಷರಕಾಲಕ್ಕೆ 4 ಸಾಲು, ಸಾಲಿಗೆ 6 ಟಿಕ್, ಒಟ್ಟು 24. ಅಂದರೆ ಅಲ್ಲಿನ 20 ಟಿಕ್ ಇಲ್ಲಿ ಒಂದಾಗುತ್ತದೆ, ನಡುವೆ ಬಿದ್ದದ್ದು ಪಕ್ಕಕ್ಕೆ ಸರಿಯುತ್ತದೆ.

ದೊಡ್ಡಮ್ಮ: ನಿನ್ನ ಬೆರಳಿನ ಲಯ ಒಂಚೂರು ಸರಿದರೆ ನಷ್ಟವೇನಿಲ್ಲ ಬಿಡು.

ಹುಡುಗ: ಆದಿತಾಳಕ್ಕಂತೂ ಅಳತೆ ಮಾಡಿಸಿದ ಹಾಗಿದೆ. 8 ಅಕ್ಷರ, ನಾಲ್ಕರಂತೆ 32 ಸಾಲು. ಟ್ರ್ಯಾಕರಿನ ಹಳೇ ಪದ್ಧತಿಯಲ್ಲಿ ಒಂದು ಪ್ಯಾಟರ್ನಿಗೆ 64 ಸಾಲು, ಅಲ್ಲಿಗೆ ಸರಿಯಾಗಿ ಎರಡು ಆವರ್ತ.

ದೊಡ್ಡಮ್ಮ: ಲೆಕ್ಕ ಸರಿ, ಕಿವಿಗೆ ಸರಿಯಿಲ್ಲ. ಈಗ ಬೈಗುಳ ಕೇಳು. ಪ್ರತಿ ಸ್ವರಕ್ಕೂ ಮೀಟು ಬೀಳ್ತಾ ಇದೆ. ಸ ರಿ ಗ ಮ ಅಂತ ನಾಲ್ಕು ಸ್ವರಕ್ಕೆ ನಾಲ್ಕು ಸಲ ಟಣ್ ಟಣ್ ಟಣ್ ಟಣ್. ವೀಣೆಯಲ್ಲಿ ಹಾಗೆ ನುಡಿಸ್ತಾರೇನೋ? ಒಂದು ಮೀಟಿನಲ್ಲಿ ಎರಡು ಸ್ವರ, ಮೂರು ಸ್ವರ. ಬಲಗೈ ಸುಮ್ಮನಿರುತ್ತೆ, ಎಡಗೈ ತಂತಿ ಎಳೆಯುತ್ತೆ, ಇಲ್ಲ ಮೆಟ್ಟಿನಿಂದ ಮೆಟ್ಟಿಗೆ ಜಾರುತ್ತೆ. ಎಲ್ಲಿ ಮೀಟಬಾರದು ಅಂತ ತಿಳಿಯೋದಕ್ಕೇ ನನಗೆ ವರ್ಷಗಟ್ಟಲೆ ಹಿಡಿಯಿತು.

ಹುಡುಗ: ಕೀಬೋರ್ಡಿನಲ್ಲಿ ಕೀಲಿ ಒತ್ತಿದರೇ ಸ್ವರ. ಮಿಡಿ ಫೈಲಿಗೆ ಅದೇ ಗೊತ್ತಿರೋದು. ಅದು ಹೇಳಿದ್ದನ್ನ ಓಪನ್ ಎಂಪಿಟಿ ಹಾಗೇ ಇಳಿಸಿಕೊಂಡಿದೆ.

ದೊಡ್ಡಮ್ಮ: ಹಾಗಾದರೆ ಟ್ರ್ಯಾಕರಿಗೂ ಗೊತ್ತಿಲ್ಲವಾ?

ಹುಡುಗ: ಅದಕ್ಕೆ ಗೊತ್ತು, ಅದೇ ತಮಾಷೆ. 3ರಿಂದ ಶುರುವಾಗೋ ಒಂದು ಎಫೆಕ್ಟ್ ಇದೆ, ಟೋನ್ ಪೋರ್ಟಮೆಂಟೊ. ಸ್ವರದ ಪಕ್ಕ ಅದನ್ನ ಬರೆದರೆ ಸ್ಯಾಂಪಲ್ ಮೊದಲಿನಿಂದ ಶುರುವಾಗೋದಿಲ್ಲ. ಆಗಲೇ ನುಡಿಯುತ್ತಿರೋ ನಾದ ಇದ್ದಲ್ಲಿಂದಲೇ ಹೊಸ ಸ್ವರಕ್ಕೆ ಜಾರಿಕೊಂಡು ಹೋಗುತ್ತದೆ. ಮೀಟು ಇಲ್ಲ.

ದೊಡ್ಡಮ್ಮ: ಜಾರು! ಅದೇ ಬೇಕಾಗಿರೋದು. ಎಷ್ಟು ಬೇಗ ಜಾರುತ್ತೆ?

ಹುಡುಗ: ನಾವು ಹೇಳಿದಷ್ಟು. ಎಕ್ಸ್‌ಎಂನಲ್ಲಿ ಒಂದು ಸೆಮಿಟೋನನ್ನ 16 ಹೆಜ್ಜೆ ಮಾಡಿದ್ದಾರೆ. ತೋಡಿಯ ರಿಷಭದಿಂದ ಗಾಂಧಾರಕ್ಕೆ ಎರಡು ಸೆಮಿಟೋನ್, ಒಟ್ಟು 32 ಹೆಜ್ಜೆ. ಸಾಲಿನಲ್ಲಿ 6 ಟಿಕ್ ಇದ್ದರೂ ಮೊದಲನೇ ಟಿಕ್ಕಿನಲ್ಲಿ ಜಾರೋದಿಲ್ಲ, ಉಳಿದ ಐದರಲ್ಲಿ ಜಾರುತ್ತದೆ. 307 ಅಂತ ಬರೆದರೆ ಟಿಕ್ಕಿಗೆ 7 ಹೆಜ್ಜೆ, ಐದು ಟಿಕ್ಕಿಗೆ 35, ಒಂದೇ ಸಾಲಿನೊಳಗೆ ಗಾಂಧಾರ ಮುಟ್ಟಿ ಅಲ್ಲೇ ನಿಲ್ಲುತ್ತದೆ. 302 ಅಂದರೆ ಸಾಲಿಗೆ 10 ಹೆಜ್ಜೆ, ಎಳೆದುಕೊಂಡು ಹೋಗಿ ನಾಲ್ಕನೇ ಸಾಲಿಗೆ ಮುಟ್ಟುತ್ತದೆ.

ದೊಡ್ಡಮ್ಮ: ಕೇಳಿಸು ನೋಡೋಣ... ಮೊದಲನೇದು ಬೆರಳು ಮೆಟ್ಟು ದಾಟಿದ ಹಾಗಿದೆ. ಎರಡನೇದು ತಂತಿ ಎಳೆದ ಹಾಗಿದೆ. ಪರವಾಗಿಲ್ಲವಲ್ಲೋ. ಅಮಿಗಾದಲ್ಲೂ ಹೀಗೇ ಇತ್ತಾ?

ಹುಡುಗ: ಇತ್ತು, ಆದರೆ ಅದರ ಹೆಜ್ಜೆಯ ಅಳತೆ ಬೇರೆ. ಚಿಪ್ಪಿನ ಪೀರಿಯಡ್ ಅನ್ನೋ ಅಂಕಿಯನ್ನೇ ಕಡಿಮೆ ಮಾಡುತ್ತಾ ಹೋಗುತ್ತಿತ್ತು. ಒಂದು ಸ್ವರದ ಪೀರಿಯಡ್ 428 ಆದರೆ ಅದರ ಮೇಲಿನ ಸ್ಥಾಯಿಯದ್ದು 214. ಹತ್ತು ಅಂಕಿ ಜಾರಿಸಿದರೆ ಮೇಲಿನ ಸ್ಥಾಯಿಯಲ್ಲಿ ಜಾರು ಎರಡರಷ್ಟಾಗುತ್ತದೆ. ಅಮಿಗಾದ ಆ ಹಳೇ ಮಾಡ್ ಮಾದರಿ ಬಿಟ್ಟು ಎಕ್ಸ್‌ಎಂ ಹಿಡಿದದ್ದಕ್ಕೆ ಅದೂ ಒಂದು ಕಾರಣ.

ದೊಡ್ಡಮ್ಮ: ಎರಡನೇ ದೂರು. ಸ್ವರಗಳು ಗಕ್ಕನೆ ನಿಂತುಹೋಗ್ತಾ ಇವೆ. ಅನುರಣನವೇ ಇಲ್ಲ.

ಹುಡುಗ: ಅದು ನಾನು ಕೀಲಿಯಿಂದ ಬೆರಳೆತ್ತಿದ್ದು. ಮಿಡಿಯಲ್ಲಿ ಅದಕ್ಕೂ ಒಂದು ದಾಖಲೆ ಇರುತ್ತದೆ, ಬದಲಾಯಿಸುವಾಗ ಕೀ-ಆಫ್ ಆಗಿ ಇಳಿದಿದೆ. ವೀಣೆಯ ಸಾಲುಗಳಲ್ಲಿ ಅದನ್ನೆಲ್ಲ ಅಳಿಸಿಬಿಡಬಹುದು.

ದೊಡ್ಡಮ್ಮ: ಅಳಿಸಿದರೆ ಒಂದರ ಮೇಲೊಂದು ಕಲಸಿಹೋಗೋದಿಲ್ಲವೇ?

ಹುಡುಗ: ಒಂದೇ ಚಾನೆಲ್‌ನಲ್ಲಿದ್ದರೆ ಇಲ್ಲ. ಚಾನೆಲ್ಲಿಗೆ ಹೊಸ ಸ್ವರ ಬಂದ ಕೂಡಲೇ ಹಳೇದು ಕಡಿದುಹೋಗುತ್ತದೆ.

ದೊಡ್ಡಮ್ಮ: ತಂತಿಯ ಸ್ವಭಾವವೇ ಅದು. ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಸಾರಣಿಗೆ ಒಂದು ಚಾನೆಲ್ ಕೊಡು, ಪಂಚಮಕ್ಕೆ ಇನ್ನೊಂದು. ಪಂಚಮದ ತಂತಿ ಮೀಟಿದಾಗ ಸಾರಣಿ ಯಾಕೆ ನಿಲ್ಲಬೇಕು?

ಹುಡುಗ: ಓಪನ್ ಎಂಪಿಟಿ ಸ್ವರಗಳನ್ನ ಖಾಲಿ ಸಿಕ್ಕ ಚಾನೆಲ್‌ಗಳಿಗೆ ಹಂಚಿಬಿಟ್ಟಿದೆ. ಅದನ್ನ ಕೈಯಲ್ಲಿ ಒಟ್ಟುಮಾಡಬೇಕು. ಮಂದ್ರದ ಕಡೆಯ ಸ್ವರ ಯಾವ ತಂತಿಯದ್ದು, ನೀವೇ ಹೇಳಬೇಕು.

ದೊಡ್ಡಮ್ಮ: ಹೇಳ್ತೀನಿ. ಮೂರನೇದು: ತಾರಸ್ಥಾಯಿಗೆ ಹೋದರೆ ಆಟದ ಸಾಮಾನಿನ ದನಿ.

ಹುಡುಗ: ಒಂದೇ ಮೀಟನ್ನ ಎಲ್ಲ ಸ್ವರಕ್ಕೂ ಹಿಗ್ಗಿಸಿ ಕುಗ್ಗಿಸಿದ್ದರಿಂದ ಹಾಗಾಗಿದೆ. ಒಂದು ಸ್ಥಾಯಿ ಏರಿಸಿದರೆ ಸ್ಯಾಂಪಲ್ ಎರಡರಷ್ಟು ವೇಗದಲ್ಲಿ ಓಡುತ್ತದೆ. ನಾದ ಅರ್ಧ ಹೊತ್ತಿಗೇ ಅಡಗುತ್ತದೆ, ಕೊಡದ ಅನುರಣನವೂ ಜೊತೆಗೆ ಮೇಲೇರುತ್ತದೆ. ದೊಡ್ಡ ವೀಣೆ ಚಿಕ್ಕ ವೀಣೆ ಆಗಿಬಿಡುತ್ತದೆ. ಮೂರು ನಾಲ್ಕು ಮೆಟ್ಟಿಗೊಂದರಂತೆ ಬೇರೆ ಬೇರೆ ಮೀಟು ರೆಕಾರ್ಡ್ ಮಾಡಿದರೆ 24 ಮೆಟ್ಟಿಗೆ ಏಳೆಂಟು ಸಾಕು. ವಾದ್ಯಕ್ಕೆ 16 ಸ್ಯಾಂಪಲ್ ಹಿಡಿಸುತ್ತದೆ ಅಂದೆನಲ್ಲ.

ದೊಡ್ಡಮ್ಮ: ಶ್ರುತಿ ಹೊಂದಿಸೋದು ಹೇಗೆ? ನನ್ನ ಷಡ್ಜ ಡಿ ಶಾರ್ಪ್. ನಿನ್ನ ಯಂತ್ರಕ್ಕೆ ಅದು ಹೇಗೆ ಗೊತ್ತಾಗುತ್ತೆ?

ಹುಡುಗ: ನಾವು ಹೇಳಬೇಕು. ಎಕ್ಸ್‌ಎಂ ನಾಲ್ಕನೇ ಸ್ಥಾಯಿಯ ಸಿ ಸ್ವರಕ್ಕೆ ಸ್ಯಾಂಪಲನ್ನ ಸೆಕೆಂಡಿಗೆ 8363 ಬಿಂದುವಿನ ವೇಗದಲ್ಲಿ ಓಡಿಸುತ್ತದೆ. ನಾನು ಇಟ್ಟುಕೊಂಡದ್ದು ಅದರ ಎರಡರಷ್ಟು, 16726. ಅದಕ್ಕೆ 12 ಸೆಮಿಟೋನ್ ಕೂಡಿಸಬೇಕು. ರೆಕಾರ್ಡ್ ಆಗಿರೋದು ಸಿ ಅಲ್ಲ, ಮೂರು ಸೆಮಿಟೋನ್ ಮೇಲಿನ ಡಿ ಶಾರ್ಪ್, ಆ ಮೂರು ಕಳೆದರೆ 9. ಆ ಒಂಬತ್ತನ್ನ ಸ್ಯಾಂಪಲ್ಲಿನ ಜೊತೆ ಬರೆದಿಟ್ಟರೆ ಶ್ರುತಿ ಕೂತಿತು. ಕಷ್ಟ ಇರೋದು ಬಾಲದಲ್ಲಿ. ಜಾಗ ಉಳಿಸೋದಕ್ಕೆ ಮೀಟಿನ ಮೊದಲ ಭಾಗ ಪೂರ್ತಿ ಇಟ್ಟು, ಆಮೇಲೆ ಒಂದು ಚಿಕ್ಕ ತುಣುಕನ್ನೇ ಸುತ್ತಿಸುತ್ತೇವೆ, ವಾಲ್ಯೂಮ್ ಎನ್ವಲಪ್ ಅದನ್ನ ಮೆಲ್ಲಗೆ ತಗ್ಗಿಸುತ್ತದೆ. ನಿಮ್ಮ ಸಾರಣಿಯ ಷಡ್ಜ ಸೆಕೆಂಡಿಗೆ ಸುಮಾರು 155.6 ಕಂಪನ. ಲೆಕ್ಕ ಹಾಕಿದರೆ ಒಂದು ಕಂಪನಕ್ಕೆ ಹತ್ತಿರ ಹತ್ತಿರ ನೂರ ಏಳೂವರೆ ಬಿಂದು. ಅರ್ಧ ಬಿಂದು ಅನ್ನೋದು ಇಲ್ಲವಲ್ಲ. 107 ಅಂತ ಕತ್ತರಿಸಿದರೆ ಬಾಲ ಎಂಟು ಸೆಂಟಿನಷ್ಟು ಏರಿಬಿಡುತ್ತದೆ.

ದೊಡ್ಡಮ್ಮ: ಅದಕ್ಕೇ ಸ್ವರ ನಿಂತಮೇಲೆ ತಂಬೂರಿ ಜೊತೆ ಕಚ್ಚಾಡ್ತಾ ಇತ್ತು! ನಾನು ತಂಬೂರಿ ಪೆಟ್ಟಿಗೆಯದೇ ತಪ್ಪು ಅಂದುಕೊಂಡೆ.

ಹುಡುಗ: ಎರಡು ಕಂಪನ ಒಟ್ಟಿಗೆ ತೆಗೆದುಕೊಂಡರೆ 215, ಪೂರ್ಣಾಂಕ. ಈಗ ಹಾಗೆ ಕತ್ತರಿಸಿದ್ದೇನೆ, ಕೇಳಿ.

ದೊಡ್ಡಮ್ಮ: ಹ್ಞೂಂ, ಸೇರಿತು. ಜೋರು ಮೆತ್ತಗೆ ಅನ್ನೋದೂ ಅಷ್ಟಕ್ಕಷ್ಟೇ ಇದೆ. ಮೆತ್ತಗಿರಬೇಕಾದದ್ದೆಲ್ಲ ಜೋರು.

ಹುಡುಗ: ಮಿಡಿಯಲ್ಲಿ ಒತ್ತಡದ ಅಳತೆ 127ರ ತನಕ, ಟ್ರ್ಯಾಕರಿನಲ್ಲಿ 64ರ ತನಕ. ಅರ್ಧ ಮಾಡಿದರೆ ಆಯಿತು ಅನ್ನಿಸುತ್ತದೆ, ಆದರೆ ಜನರಲ್ ಮಿಡಿಯ ವಾದ್ಯಗಳು ಸಾಮಾನ್ಯವಾಗಿ ವರ್ಗದ ಲೆಕ್ಕ ಹಿಡಿಯುತ್ತವೆ. ಅಲ್ಲಿನ 64 ಇಲ್ಲಿ 32 ಅಲ್ಲ, 16. ಅದನ್ನ ಒಂದೇ ಸಲಕ್ಕೆ ಸರಿಮಾಡಬಹುದು.

ದೊಡ್ಡಮ್ಮ: ಕೊನೇದು, ದೊಡ್ಡದು. ಗಾಂಧಾರ. ತೋಡಿಯ ಗಾಂಧಾರಕ್ಕೆ ಏನು ಮಾಡಿದೀಯ ನೀನು?

ಹುಡುಗ: ಕೀಬೋರ್ಡಿನ ಪಿಚ್ ಚಕ್ರ ತಿರುಗಿಸಿದೆ. ಮಿಡಿಯಲ್ಲಿ ಅದಕ್ಕೆ 16384 ಮಟ್ಟ ಇದೆ, ಸಾಮಾನ್ಯವಾಗಿ ಮೇಲಕ್ಕೆ ಎರಡು ಸೆಮಿಟೋನ್, ಕೆಳಕ್ಕೆ ಎರಡು. ಟ್ರ್ಯಾಕರಿಗೆ ಇಳಿಯುವಾಗ ಅದೆಲ್ಲ ಒರಟು ಜಾರುಗಳಾಗಿ, ಕೆಲವು ಬಿಟ್ಟೇಹೋಗಿ... ಕೊನೆಗೆ ಬೇಸತ್ತು ಎಲ್ಲ ಅಳಿಸಿ ವೈಬ್ರೆಟೊ ಹಾಕಿದೆ.

ದೊಡ್ಡಮ್ಮ: ವೈಬ್ರೆಟೊ! ಅದು ಗಾಂಧಾರದ ಮೇಲೆ ನಿಂತು ಅತ್ತಿತ್ತ ಸಮನಾಗಿ ನಡುಗುತ್ತೆ, ಚಳಿ ಹಿಡಿದವರ ಹಾಗೆ. ತೋಡಿಯ ಗಾಂಧಾರ ತನ್ನ ಮೆಟ್ಟಿನ ಮೇಲೆ ನಿಲ್ಲೋದೇ ಅಪರೂಪ ಕಣೋ. ರಿಷಭದ ಹತ್ತಿರದಿಂದ ಎದ್ದು ಮಧ್ಯಮದ ಕಡೆ ಹೋಗಿ ಬರುತ್ತೆ, ಆ ಓಡಾಟದ ನಡುವೆ ಗಾಂಧಾರ ಕೇಳಿಸುತ್ತೆ. ಮೇಲೆ ಇರೋ ಹೊತ್ತು ಬೇರೆ, ಕೆಳಗೆ ಇರೋ ಹೊತ್ತು ಬೇರೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿ ಅಚ್ಚು ಹಾಕಿಸಿದಾಗ ಒಂದೊಂದು ಗಮಕಕ್ಕೂ ಒಂದೊಂದು ಗುರುತು ಮಾಡಿ ಸ್ವರಗಳ ಜೊತೆ ಹಾಕಿದರು. ಆ ಗುರುತು ನೋಡಿ ನುಡಿಸೋರಿಗೂ ಪಾಠ ಆಗಿರಬೇಕು. ನಿನ್ನ ಚಕ್ರಕ್ಕೆ ಯಾವ ಪಾಠ ಆಗಿದೆ?

ಹುಡುಗ: ಅದನ್ನೂ ಸಾಲು ಸಾಲಾಗಿ 3ರ ಎಫೆಕ್ಟಿನಲ್ಲಿ ಬರೆಯಬಹುದು. ರಿ, ಮ, ರಿ, ಮ ಅಂತ ಬರೆದು ಜಾರಿಸುತ್ತಾ...

ದೊಡ್ಡಮ್ಮ: ಬೇಡ. ಗರಗಸ ಎಳೆದ ಹಾಗಿರುತ್ತೆ. ನಿನ್ನ ಫೈಲಿನೊಳಗೆ ನಾದ ಇಡಬಹುದು ಅಂದೆಯಲ್ಲ. ಒಂದು ಮೀಟು ಇಡೋ ಜಾಗದಲ್ಲಿ ಇಡೀ ಗಾಂಧಾರವನ್ನ ಇಡೋದಕ್ಕೆ ಏನು ಅಡ್ಡಿ? ನಾನು ಕಂಪಿತದ ಜೊತೆಗೇ ನುಡಿಸ್ತೀನಿ. ಅದೇ ಒಂದು ಸ್ಯಾಂಪಲ್ ಆಗಲಿ.

ಹುಡುಗ: ...ಏನೂ ಅಡ್ಡಿಯಿಲ್ಲ. ಮಿಡಿಯಲ್ಲಿ ಎಷ್ಟೋ ದಾಖಲೆ ಬೇಕಾಗಿದ್ದ ಕಡೆ ಇಲ್ಲಿ ಒಂದು ಮನೆಯಲ್ಲಿ ಒಂದೇ ಸ್ವರ. ಯಂತ್ರ ಬದಲಾಯಿಸಿದ್ದನ್ನ ತಿದ್ದುತ್ತಾ ಕೂತವನಿಗೆ ಇದು ಹೊಳೆಯೋದಿಲ್ಲ ನೋಡಿ. ಸ್ವರದ ಕೆಲಸ ಯಾವುದು, ನಾದದ ಕೆಲಸ ಯಾವುದು ಅಂತ ಮಿಡಿ ಒಂದು ಪಾಲು ಮಾಡಿದೆ, ಓಪನ್ ಎಂಪಿಟಿಗೆ ಆ ಪಾಲನ್ನ ಪ್ರಶ್ನಿಸೋ ಅಧಿಕಾರ ಇಲ್ಲ. ನಮಗಿದೆ. ಆದರೆ ಒಂದು ತೊಡಕು. ಆ ಗಾಂಧಾರವನ್ನ ಅದರ ಶ್ರುತಿಯಲ್ಲೇ ನುಡಿಸಬೇಕು. ಎರಡು ಸೆಮಿಟೋನ್ ಏರಿಸಿದರೂ ಕಂಪಿತ ನೂರಕ್ಕೆ ಹನ್ನೆರಡರಷ್ಟು ಬೇಗ ಆಗುತ್ತದೆ. ತಾರಸ್ಥಾಯಿಗೆ ಏರಿಸಿದರೆ ಎರಡರಷ್ಟು.

ದೊಡ್ಡಮ್ಮ: ತಾರಸ್ಥಾಯಿ ಗಾಂಧಾರ ಬೇರೆ ನುಡಿಸಿ ಕೊಡ್ತೀನಿ. ಧೈವತಕ್ಕೂ ಒಂದು ಬೇಕು, ಅದೂ ಸುಮ್ಮನಿರೋ ಸ್ವರ ಅಲ್ಲ. ಷಡ್ಜ ಪಂಚಮಕ್ಕೆ ನಿನ್ನ ಬರೀ ಮೀಟು ಸಾಕು. ಇನ್ನು ಕೊನೆಯಲ್ಲಿ ತಿಶ್ರನಡೆ ಇಟ್ಟಿದೀಯಲ್ಲ, ಅದು ಕುಂಟುತ್ತೆ.

ಹುಡುಗ: ನಾಲ್ಕು ಸಾಲಿನಲ್ಲಿ ಮೂರು ಸ್ವರ ಹಂಚಬೇಕು. 24 ಟಿಕ್ಕನ್ನ ಮೂರು ಪಾಲು ಮಾಡಿದರೆ 0, 8, 16. ಎರಡನೇ ಸಾಲಿನಲ್ಲಿ ಎರಡು ಟಿಕ್ ತಡ, ಮೂರನೇ ಸಾಲಿನಲ್ಲಿ ನಾಲ್ಕು ಟಿಕ್ ತಡ ಅಂತ ಇಡಿ2, ಇಡಿ4 ಎಫೆಕ್ಟ್ ಹಾಕಿದರೆ ಲೆಕ್ಕ ಕರಾರುವಾಕ್ಕು. ಆದರೆ ಎಫೆಕ್ಟ್ ಕಾಲಮ್ ಇರೋದು ಒಂದೇ. ತಡ ಬರೆದರೆ ಅಲ್ಲಿ ಜಾರು ಬರೆಯೋದಕ್ಕೆ ಜಾಗ ಇಲ್ಲ.

ದೊಡ್ಡಮ್ಮ: ಹಾಗಾದರೆ ನಾಲ್ಕು ಸಾಲು ಯಾಕೆ ಹಿಡಕೊಂಡು ಕೂತಿದೀಯ? ತಿಶ್ರಕ್ಕೆ ಆರು ಮಾಡು.

ಹುಡುಗ: ಸ್ಪೀಡ್ 4, ಅಂದರೆ ಸಾಲಿಗೆ 4 ಟಿಕ್ ಮಾಡಿದರೆ ಆರು ಸಾಲಿಗೂ ಅದೇ 24 ಟಿಕ್, ಲಯ ಕದಲೋದಿಲ್ಲ. ಸಾಲು ಬಿಟ್ಟು ಸಾಲಿಗೆ ಒಂದು ಸ್ವರ. ಆದರೆ ಸಾಲಿಗೆ ಜಾರೋ ಟಿಕ್ ಮೂರಕ್ಕೆ ಇಳಿಯುತ್ತದೆ, 307ರ ಜಾರು ಒಂದು ಸಾಲಿನಲ್ಲಿ ಮುಟ್ಟೋದಿಲ್ಲ. ಟಿಕ್ಕಿಗೆ 11 ಹೆಜ್ಜೆ ಬೇಕು. ಎಲ್ಲ ಜಾರನ್ನೂ ಮತ್ತೆ ಬರೆಯಬೇಕು.

ದೊಡ್ಡಮ್ಮ: ಬರಿ. ಎರಡನೇ ಕಾಲಕ್ಕೆ ಗಾಂಧಾರ ಏನು ಮಾಡ್ತೀಯ? ಅಲ್ಲಿ ಅಷ್ಟು ಉದ್ದ ಆಡೋದಕ್ಕೆ ಹೊತ್ತಿರೋದಿಲ್ಲ. ಒಂದು ಸಲ ಮೇಲೆ ತಾಗಿ ಬಂದರೆ ಆಯಿತು.

ಹುಡುಗ: ಅದಕ್ಕೆ 9ರ ಎಫೆಕ್ಟ್. ಸ್ಯಾಂಪಲನ್ನ ನಡುವಿನಿಂದ ಶುರುಮಾಡಬಹುದು. 940 ಅಂದರೆ 16384 ಬಿಂದು ಬಿಟ್ಟು, ಹೆಚ್ಚುಕಡಿಮೆ ಒಂದು ಸೆಕೆಂಡು ದಾಟಿ. ನಿಮ್ಮ ಕಂಪಿತದಲ್ಲಿ ಕೊನೆಯ ಸಲ ಮೇಲೆ ತಾಗೋದು ಎಲ್ಲಿದೆಯೋ ಅಲ್ಲಿಂದ ಹಿಡಿದರೆ?

ದೊಡ್ಡಮ್ಮ: ಅಲ್ಲಿ ಮೀಟು ಇರೋದಿಲ್ಲವಲ್ಲ, ಬೋಳು ಕೇಳುತ್ತೆ. ಆದರೂ ಮೃದಂಗದ ಹೊಡೆತ ಅದೇ ಜಾಗದಲ್ಲಿ ಬಿದ್ದರೆ ಮುಚ್ಚಿಹೋಗಬಹುದು. ಹಾಕಿ ನೋಡು, ಕಿವಿಗೆ ಹಿಡಿಸದಿದ್ದರೆ ಚಿಕ್ಕದೊಂದು ಬೇರೆ ನುಡಿಸ್ತೀನಿ. ಒಟ್ಟು ಎಷ್ಟು ಚಾನೆಲ್ ಇಟ್ಟುಕೊಂಡಿದೀಯ?

ಹುಡುಗ: ಎಕ್ಸ್‌ಎಂನಲ್ಲಿ 32 ಇದ್ದರೂ ಆ ಸಣ್ಣ ಯಂತ್ರದಲ್ಲಿ ಒಂದೊಂದು ಚಾನೆಲ್ ಬೆರೆಸೋದಕ್ಕೂ ಪ್ರಾಸೆಸರ್ ಬೇಕು. ಎಂಟಕ್ಕೆ ನಿಲ್ಲಿಸಿದ್ದೇನೆ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ನಾಲ್ಕು. ಮೃದಂಗದ ಬಲಕ್ಕೆ ಒಂದು, ಎಡಕ್ಕೆ ಒಂದು. ತಾಳದ ತಂತಿ ಮೂರಕ್ಕೆ ಮೂರು ಕೊಟ್ಟರೆ ಅಲ್ಲಿಗೇ ಒಂಬತ್ತು. ಹೆಜ್ಜೆ ಸದ್ದು, ಬಾವಲಿ ಕೂಗು ಎಲ್ಲಿ ಹಾಕಲಿ? ತಾಳದ ತಂತಿ ಬಿಟ್ಟುಬಿಡಲಾ?

ದೊಡ್ಡಮ್ಮ: ಬಿಟ್ಟರೆ ವೀಣೆ ಯಾಕೆ, ಆ 105ನೇ ಸಿತಾರ್ ಸಾಕು. ಮೂರನ್ನೂ ಕಿರುಬೆರಳಲ್ಲಿ ಒಟ್ಟಿಗೇ ಮೀಟೋದು, ಒಂದೇ ಸ್ಯಾಂಪಲ್ ಮಾಡಿ ಒಂದೇ ಚಾನೆಲ್ಲಿಗೆ ಹಾಕು. ನಿನ್ನ ಹಾಡು ಅನುಮಂದ್ರಕ್ಕೆ ಇಳಿಯೋದೇ ಇಲ್ಲ, ಮಂದ್ರಕ್ಕೂ ಒಂದೇ ಸಲ, ಆಗ ಪಂಚಮ ಸುಮ್ಮನಿರುತ್ತೆ. ಆ ಎರಡು ಚಾನೆಲ್ ನಿನ್ನ ಬಾವಲಿಗೆ ಬಿಟ್ಟುಕೊಟ್ಟೆ.

ಹುಡುಗ: ಇನ್ನೂ ಒಂದು ಮಿಗುತ್ತದೆ.

ದೊಡ್ಡಮ್ಮ: ತಂಬೂರಿಗೆ.